ಎಂ3 ಟ್ಯಾಪ್ ಗನ್‌ಮೆಟಲ್ ಒಳಗೇ ಮುರಿಯಿತು: ಸೆಟ್ ಸರಿಯಿಲ್ಲವೋ, ನನ್ನ ಕೈ ಸರಿಯಿಲ್ಲವೋ?

ಶೆಡ್ಡಿನ ಮೂಲೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದವನು, ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ರಾತ್ರಿ ನನ್ನ ಎಂ3 ಟ್ಯಾಪ್, ಅಂದರೆ ತೂತಿನೊಳಗೆ 3 ಮಿ.ಮೀ. ಸ್ಕ್ರೂಗೆ ಥ್ರೆಡ್ ಕೊರೆಯುವ ಕಡ್ಡಿ, ಮುರಿದ ಮೇಲೆ ಕೇಳದೆ ಬೇರೆ ದಾರಿ ಇಲ್ಲ.

ನಾನು ಬ್ಯಾಂಕ್ ನೌಕರ. ಮಷೀನ್ ಕೆಲಸ ಯಾರ ಹತ್ತಿರವೂ ಕಲಿತಿಲ್ಲ. ಮನೆಯ ಸ್ಕೂಟರ್ ಶೆಡ್ಡಿನಲ್ಲಿ ಒಂದು ಹಳೆಯ ಚಿಕ್ಕ ಲೇಥ್, 13 ಮಿ.ಮೀ. ಡ್ರಿಲ್ಲಿಂಗ್ ಮಷೀನ್, ಒಂದು ಬೆಂಚ್ ವೈಸ್ ಇಟ್ಟುಕೊಂಡಿದ್ದೇನೆ. ಸ್ಕೂಟರ್ ಈಗ ಹೊರಗೆ ಮಳೆಯಲ್ಲಿ ನಿಲ್ಲುತ್ತದೆ. ಯುಗಾದಿಯಿಂದ ಒಂದು ಪುಟ್ಟ ಸ್ಟೀಮ್ ಎಂಜಿನ್ ಮಾಡುತ್ತಿದ್ದೇನೆ. ಅದರ ಸಿಲಿಂಡರ್ ಹಳೆಯ ಪಂಪಿನ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ಷಿನಿಂದ, ಅಂದರೆ ಕೊಳವೆಯಂಥ ತುಂಡಿನಿಂದ, ಮಾಡಿದ್ದು. ಒಳಗೆ 20, ಹೊರಗೆ 34, ಉದ್ದ 42 ಮಿ.ಮೀ. ಬೋರ್ ನುಣುಪಾಗಿ ಬರಲು ನನಗೆ ಮೂರು ಭಾನುವಾರ ಹಿಡಿಯಿತು.

ಎರಡೂ ತುದಿಗೆ ಮುಚ್ಚಳ ಕೂರಿಸಬೇಕು. ಒಂದೊಂದು ತುದಿಗೆ ಆರು ಎಂ3 ತೂತು, ಎಲ್ಲವೂ ಬ್ಲೈಂಡ್, ಅಂದರೆ ಆಚೆಗೆ ಹಾಯದವು, 8 ಮಿ.ಮೀ. ಆಳ. 2.5 ಡ್ರಿಲ್ ಹಾಕಿದೆ. ಟ್ಯಾಪ್ ಆನ್‌ಲೈನಿನಲ್ಲಿ ತಂದ 40 ಪೀಸಿನ ಟ್ಯಾಪ್-ಡೈ ಸೆಟ್ಟಿನದು. 849 ರೂಪಾಯಿ. ಹ್ಯಾಂಡಲ್ ಕೂಡ ಅದರಲ್ಲೇ ಬಂದದ್ದು, ಎರಡು ಕೈಯಲ್ಲಿ ಹಿಡಿಯುವ ಉದ್ದನೆಯದು.

ಮೊದಲ ತುದಿಯ ಆರು ತೂತು ಹೇಗೋ ಮುಗಿಯಿತು. ಆದರೆ ಸ್ಕ್ರೂ ಹಾಕಿ ನೋಡಿದರೆ 4 ಮಿ.ಮೀ. ಹೋಗಿ ನಿಂತುಬಿಡುತ್ತಿತ್ತು. ಟ್ಯಾಪ್ ಸರಿಯಾಗಿ ಒಳಗೆ ಹೋಗಿಲ್ಲ ಅಂದುಕೊಂಡು ಎರಡನೇ ತುದಿಯಲ್ಲಿ ಒಂದೊಂದು ಸುತ್ತು ಜಾಸ್ತಿ ತಿರುಗಿಸಿದೆ. ಹತ್ತನೇ ತೂತಿನಲ್ಲಿ ‘ಟಿಕ್’ ಅಂದಿತು. ಶಬ್ದ ಎಷ್ಟು ಸಣ್ಣದು ಅಂದರೆ, ಮೊದಲು ಬೆರಳಿನ ಗೆಣ್ಣು ಅಂದುಕೊಂಡೆ.

ತುಂಡು ತೂತಿನ ಬಾಯಿಯಿಂದ ಅರ್ಧ ಮಿ.ಮೀ. ಒಳಗಿದೆ. ಇಕ್ಕಳಕ್ಕೆ ಸಿಗುತ್ತಿಲ್ಲ. ಮೂರು ಪ್ರಶ್ನೆ. ಇದನ್ನು ತೆಗೆಯಬಹುದೇ, ಅಥವಾ ಬುಷ್ ಗುಜರಿಗೆ ಹೋಯಿತೇ? ಒಳ್ಳೆಯ ಟ್ಯಾಪ್ ಮತ್ತು ಹ್ಯಾಂಡಲ್ ಅಂದರೆ ಯಾವುದು? ಕೈಯಲ್ಲಿ ಟ್ಯಾಪ್ ಹೊಡೆಯುವುದನ್ನು ಒಬ್ಬನೇ ಕೂತು ಹೇಗೆ ಕಲಿಯುವುದು?

---

ಗೋಕುಲ ರೋಡ್ ಲೇಥ್, ಹುಬ್ಬಳ್ಳಿ

849ಕ್ಕೆ ನಲವತ್ತು ಪೀಸ್ ಅಂದರೆ ಒಂದಕ್ಕೆ 21 ರೂಪಾಯಿ ಬಿತ್ತು. ಅಷ್ಟಕ್ಕೆ ಈಗ ಒಳ್ಳೆಯ ಮಿರ್ಚಿ ಬಜ್ಜಿ ಪ್ಲೇಟೂ ಬರುವುದಿಲ್ಲ ರೀ. ಆ ಸೆಟ್ಟಿನ ಡಬ್ಬಿ ಇಟ್ಟುಕೊಳ್ಳಿ, ಡಬ್ಬಿ ಚೆನ್ನಾಗಿರುತ್ತದೆ. ಟ್ಯಾಪ್‌ಗಳನ್ನು ಕೊಳೆಯಾದ ಥ್ರೆಡ್ ಒರೆಸಲು ಮಾತ್ರ ಬಳಸಿ.

ತುಂಡು ತೆಗೆಯಲು ಸುಲಭದ ದಾರಿ ಸ್ಪಾರ್ಕ್ ಮಷೀನ್, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವುದು. ಡೈ-ಮೋಲ್ಡ್ ಕೆಲಸ ಮಾಡುವ ಯಾವ ಶಾಪಿನಲ್ಲೂ ಇರುತ್ತದೆ. ತಾಮ್ರದ ಕಡ್ಡಿ ಇಳಿಸಿ ಟ್ಯಾಪಿನ ನಡುವನ್ನು ಸುಟ್ಟು ತೆಗೆಯುತ್ತಾರೆ, ಉಳಿದ ಚೂರು ತಾನೇ ಉದುರುತ್ತದೆ. ಸುತ್ತಿಗೆ, ಪಂಚ್ ಹಿಡಿದು ಹೊಡೆಯಲು ಹೋಗಬೇಡಿ. ಅಲ್ಲಿಗೆ ಬುಷ್ಷೂ ಹೋಗುತ್ತದೆ.

---

ಹಳೇ ಫಿಟ್ಟರ್, ತಿಪಟೂರು

ಬುಷ್ ಗುಜರಿಗೆ ಹಾಕಬೇಡಿ. ಅದು ಉಳಿಯುತ್ತದೆ, ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ಅದು ಯಾಕೆ ಮುರಿಯಿತು ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಹನ್ನೊಂದನೇ ತೂತಿನಲ್ಲೂ ಮುರಿಯುತ್ತದೆ.

ನಾನು ಪೀಣ್ಯದಲ್ಲಿ 31 ವರ್ಷ ಟೂಲ್‌ರೂಮಿನಲ್ಲಿದ್ದವನು. ಸೇರಿದ ಮೊದಲ ವಾರ ನಾನೂ ಒಂದು ಎಂ4 ಮುರಿದೆ. ನಮ್ಮ ಫೋರ್‌ಮನ್ ಬೈಯಲಿಲ್ಲ. ಉದ್ದ ಹ್ಯಾಂಡಲನ್ನು ಕೈಯಿಂದ ಕಿತ್ತುಕೊಂಡು, ‘ಬಲ ತೋರಿಸಬೇಕು ಅಂದ್ರೆ ಗರಡಿಮನೆಗೆ ಹೋಗು. ಇಲ್ಲಿ ಎರಡು ಬೆರಳು ಸಾಕು’ ಅಂದರು. ಎರಡು ತಿಂಗಳು ನನಗೆ ಆ ಹ್ಯಾಂಡಲ್ ಕೊಡಲೇ ಇಲ್ಲ.

ನೀವು ಬರೆದದ್ದರಲ್ಲೇ ಉತ್ತರ ಇದೆ. ಸ್ಕ್ರೂ 4 ಮಿ.ಮೀ. ಹೋಗಿ ನಿಂತಿತು ಅಂದಿರಲ್ಲ, ಆ ಮಾತು. ನೀವು ಬಳಸಿದ್ದು ಟೇಪರ್ ಟ್ಯಾಪ್, ಮೂರರ ಸೆಟ್ಟಿನಲ್ಲಿ ಮೊದಲನೆಯದು. ಅದರ ಮೂತಿ ನಿಧಾನಕ್ಕೆ ದಪ್ಪ ಆಗುತ್ತಾ ಬರುತ್ತದೆ, ಸುಮಾರು ಎಂಟು ಥ್ರೆಡ್ ತನಕ. ಎಂ3ಗೆ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ, 0.5 ಮಿ.ಮೀ. ಎಂಟು ಥ್ರೆಡ್ ಅಂದರೆ 4 ಮಿ.ಮೀ. ನಿಮ್ಮ ತೂತು 8 ಮಿ.ಮೀ. ಟ್ಯಾಪ್ ತಳಕ್ಕೆ ಮುಟ್ಟಿದಾಗ ಕೆಳಗಿನ 4 ಮಿ.ಮೀ.ಯಲ್ಲಿ ಅರೆಬರೆ ಥ್ರೆಡ್, ಮೇಲಿನ 4 ಮಿ.ಮೀ.ಯಲ್ಲಿ ಮಾತ್ರ ಪೂರ್ತಿ ಥ್ರೆಡ್. ಸ್ಕ್ರೂ ಸರಿಯಾಗಿಯೇ ಲೆಕ್ಕ ಹೇಳಿತ್ತು, ನೀವು ಕೇಳಿಸಿಕೊಳ್ಳಲಿಲ್ಲ. ಟ್ಯಾಪ್ ಆಗಲೇ ತಳ ಮುಟ್ಟಿತ್ತು. ಅದರ ಮೇಲೆ ಇನ್ನೊಂದು ಸುತ್ತು ಅಂದರೆ ಹೋಗಲು ಜಾಗ ಎಲ್ಲಿ?

ಇನ್ನೊಂದು ವಿಷಯ ಸಣ್ಣ ಟ್ಯಾಪ್‌ಗಳಲ್ಲಿ ಯಾರೂ ಗಮನಿಸುವುದಿಲ್ಲ. ಎಂ3ರ ತುದಿ ನೋಡಿ, ಪೆನ್ಸಿಲ್ ಮೊನೆ ತರ ಚೂಪಾಗಿರುತ್ತದೆ. ಅದು ಟ್ಯಾಪ್ ತಯಾರಿಸುವಾಗ ಸೆಂಟರಿನಲ್ಲಿ ಹಿಡಿಯಲು ಬಿಟ್ಟದ್ದು, ಕತ್ತರಿಸುವುದಕ್ಕಲ್ಲ. ಆ ಮೊನೆಯೇ ಒಂದು ಮಿ.ಮೀ. ಹತ್ತಿರ ಆಳ ತಿನ್ನುತ್ತದೆ. ಮೂರನೇ ಟ್ಯಾಪಿನಲ್ಲಿ, ಅಂದರೆ ಪ್ಲಗ್ ಟ್ಯಾಪಿನಲ್ಲಿ, ಈ ಮೊನೆಯನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ತೆಗೆದುಬಿಡಿ. ಒಂದೇ ಸಲ ಒತ್ತಬೇಡಿ. ಮುಟ್ಟಿಸಿ, ನೀರಿಗೆ ಅದ್ದಿ, ಮತ್ತೆ ಮುಟ್ಟಿಸಿ. ನೀಲಿ ಬಣ್ಣ ಬರಬಾರದು.

ನಿಮ್ಮ ಸಿಲಿಂಡರ್ 42 ಉದ್ದ ಇದೆ. 8 ಮಿ.ಮೀ.ಗೆ ಯಾಕೆ ನಿಲ್ಲಿಸಿದಿರಿ? 12 ತನಕ ಹೋಗಿ, ಯಾರು ಬೇಡ ಅಂದರು? ಮುಚ್ಚಳದ ಸ್ಕ್ರೂಗೆ 5 ಮಿ.ಮೀ. ಪೂರ್ತಿ ಥ್ರೆಡ್ ಸಿಕ್ಕರೆ ಬೇಕಾದಷ್ಟಾಯಿತು. ಕೆಳಗಿನ ಜಾಗ ಚಿಪ್ಸ್ ಬೀಳಲು ಇರಲಿ. ಬ್ಲೈಂಡ್ ತೂತಿನಲ್ಲಿ ಟ್ಯಾಪ್ ಮುರಿಯುವುದಕ್ಕೆ ಮುಕ್ಕಾಲು ಪಾಲು ಕಾರಣ ಈ ಜಿಪುಣತನವೇ.

ಈಗ ಹ್ಯಾಂಡಲ್. ನಿಮ್ಮ ಸೆಟ್ಟಿನದು 20 ಸೆಂ.ಮೀ. ಇರಬೇಕು, ಎಂ12 ತನಕ ಹಿಡಿಯುವಂಥದ್ದು. ಅದರಲ್ಲಿ ಎಂ3 ಹೊಡೆಯುವುದು ಅಂದರೆ ಒನಕೆಯಲ್ಲಿ ಏಲಕ್ಕಿ ಕುಟ್ಟಿದ ಹಾಗೆ. ಟ್ಯಾಪ್ ಏನು ಹೇಳುತ್ತಿದೆ ಅಂತ ಬೆರಳಿಗೆ ಗೊತ್ತಾಗುವುದೇ ಇಲ್ಲ. ಎಂ5 ತನಕ ಚಿಕ್ಕ ಟಿ ಹ್ಯಾಂಡಲ್ ತೆಗೆದುಕೊಳ್ಳಿ. ಕೆಳಗೆ ಟ್ಯಾಪ್ ಹಿಡಿಯುವ ಪುಟ್ಟ ಚಕ್ ಇರುತ್ತದೆ, ಮೇಲೆ ಅಡ್ಡ ಕಡ್ಡಿ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಟ್ಯಾಪ್ ಹಾಕಿ ಬಿಗಿ ಮಾಡಿ ತಿರುಗಿಸಿ ನೋಡಿ. ಟ್ಯಾಪಿನ ತುದಿ ಒದ್ದಾಡಿದರೆ ವಾಪಸ್ ಕೊಡಿ. ದವಡೆಗಳು ಟ್ಯಾಪಿನ ಚೌಕ ಭಾಗವನ್ನು ಹಿಡಿಯಬೇಕು, ದುಂಡಗಿನ ಭಾಗವನ್ನಲ್ಲ.

ಇದಕ್ಕಿಂತ ಒಳ್ಳೆಯದನ್ನು ನೀವೇ ಮಾಡಿಕೊಳ್ಳಬಹುದು, ಲೇಥ್ ಇದೆಯಲ್ಲ. 25 ಮಿ.ಮೀ. ಅಲ್ಯೂಮಿನಿಯಂ ರಾಡಿನ ತುಂಡು ತೆಗೆದುಕೊಂಡು ಮೇಲೆ ಬೆರಳಿಗೆ ಹಿಡಿತ ಸಿಗಲು ನರ್ಲಿಂಗ್ (ಒರಟು ಗೀರುಗಳು) ಹಾಕಿ. ನಡುವೆ ಟ್ಯಾಪಿನ ಶ್ಯಾಂಕ್, ಅಂದರೆ ಥ್ರೆಡ್ ಇಲ್ಲದ ಮೇಲಿನ ಭಾಗ, ಹಿತವಾಗಿ ಕೂರುವಷ್ಟು ತೂತು. ಪಕ್ಕದಿಂದ ಒಂದು ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ), ಅದು ಚೌಕದ ಸಪಾಟು ಮುಖದ ಮೇಲೆ ಕೂರುವ ಹಾಗೆ. ಅಷ್ಟೇ. ಉದ್ದ ಹ್ಯಾಂಡಲಿನಲ್ಲಿ ಕೈ ನಡುವಿನಿಂದ 100 ಮಿ.ಮೀ. ದೂರ ಇರುತ್ತದೆ, ಈ ಗುಂಡಿಯಲ್ಲಿ 12.5. ಅದೇ ಬಲಕ್ಕೆ ಎಂಟನೇ ಒಂದು ಭಾಗ ತಿರುಚು ಮಾತ್ರ ಟ್ಯಾಪಿಗೆ ಹೋಗುತ್ತದೆ. ಜಾಸ್ತಿ ಆದರೆ ನಿಮ್ಮ ಬೆರಳು ಜಾರುತ್ತದೆ, ಟ್ಯಾಪ್ ಮುರಿಯುವುದಿಲ್ಲ. ನನ್ನ ಹತ್ತಿರ ಎಂ2, ಎಂ2.5, ಎಂ3ಗೆ ಬೇರೆ ಬೇರೆ ಗುಂಡಿ ಇವೆ. ಮೊಮ್ಮಗಳು ಅವನ್ನು ಚೌಕಾಬಾರಕ್ಕೆ ಕಾಯಿ ಮಾಡಿಕೊಂಡಿದ್ದಾಳೆ.

ಟ್ಯಾಪ್ ನೆಟ್ಟಗೆ ಇಳಿಯಬೇಕು. ಕಣ್ಣಳತೆ ಸಾಲದು. ತೂತು ಹಾಕಿದ ಮೇಲೆ ವೈಸ್ ಅಲುಗಿಸಬೇಡಿ. ಡ್ರಿಲ್ ಬಿಚ್ಚಿ, ಅದೇ ಚಕ್ಕಿಗೆ ಟ್ಯಾಪ್ ಹಾಕಿ. ಮಷೀನಿನ ಪ್ಲಗ್ ಗೋಡೆಯಿಂದ ಕೀಳಿ. ಸ್ವಿಚ್ ಆಫ್ ಮಾಡಿದ್ದೇನೆ ಅಂತ ಬಿಡಬೇಡಿ, ಕೀಳಿ. ಎಡಗೈಯಲ್ಲಿ ಹಿಡಿಯನ್ನು ಹಗುರವಾಗಿ ಒತ್ತಿ, ಬಲಗೈಯಲ್ಲಿ ಚಕ್ಕನ್ನು ಮೂರು ನಾಲ್ಕು ಸುತ್ತು ತಿರುಗಿಸಿ. ಟ್ಯಾಪ್ ಕಚ್ಚಿಕೊಂಡ ಮೇಲೆ ಚಕ್ ಸಡಿಲಿಸಿ ಮೇಲೆತ್ತಿ, ಉಳಿದದ್ದನ್ನು ಗುಂಡಿಯಲ್ಲಿ ಮುಗಿಸಿ. ಒಮ್ಮೆ ನೆಟ್ಟಗೆ ಕಚ್ಚಿದ ಟ್ಯಾಪ್ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ. ವಾಲಿ ಕಚ್ಚಿದ್ದನ್ನು ಆಮೇಲೆ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬರುವಾಗ ಬೆರಳಿಗೆ ಒಂದು ಸಣ್ಣ ‘ಕಟ್’ ಸಿಗುತ್ತದೆ, ಅದು ಚಿಪ್ ತುಂಡಾದದ್ದು. ಆ ಕಟ್ ಸಿಗದೆ, ಟ್ಯಾಪ್ ಸ್ಪ್ರಿಂಗ್ ತರ ತಿರುಚಿಕೊಂಡು ವಾಪಸ್ ಬಂದ ಹಾಗೆ ಅನ್ನಿಸಿತೋ, ಅಲ್ಲೇ ನಿಲ್ಲಿಸಿ. ಪೂರ್ತಿ ಹೊರಗೆ ತೆಗೆದು ಬ್ರಷ್ಷಿನಿಂದ ಒರೆಸಿ, ತೂತಿನ ಪುಡಿ ಹೊರಗೆ ಹಾಕಿ, ಮತ್ತೆ ಶುರು ಮಾಡಿ. 8 ಮಿ.ಮೀ. ತೂತಿಗೆ ನಾನು ಮೂರು ಸಲ ಹೊರಗೆ ತೆಗೆಯುತ್ತೇನೆ. ಆತುರ ಇದ್ದವರು ನಟ್ ಬೋಲ್ಟ್ ಹಾಕಿಕೊಳ್ಳಲಿ.

ಎಣ್ಣೆ ಅಂದರೆ ನಮ್ಮೂರಲ್ಲಿ ಕೊಬ್ಬರಿ ಎಣ್ಣೆ. ತಿಪಟೂರಿನವನು ಬೇರೆ ಏನು ಹೇಳಲಿ! ತಮಾಷೆ ಅಲ್ಲ, ಗನ್‌ಮೆಟಲ್‌ಗೆ, ಮೈಲ್ಡ್ ಸ್ಟೀಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಧನುರ್ಮಾಸದ ಚಳಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ, ಆಗ ಟ್ಯಾಪಿನ ಹಲ್ಲಿಗೆ ಬೆರಳಿನಿಂದ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು.

ಇನ್ನು ಮುರಿದ ತುಂಡು. ಹುಬ್ಬಳ್ಳಿಯವರು ಹೇಳಿದ ಸ್ಪಾರ್ಕ್ ಸರಿಯೇ. ಆದರೆ ನಿಮ್ಮದು ಗನ್‌ಮೆಟಲ್, ಅದು ನಿಮ್ಮ ಪುಣ್ಯ. ಗ್ರಂಥಿಗೆ ಅಂಗಡಿಯಲ್ಲಿ ಅರ್ಧ ಕೆಜಿ ಪಟಿಕ ತನ್ನಿ. ಗಡ್ಡ ಹೆರೆದ ಮೇಲೆ ಕ್ಷೌರದ ಅಂಗಡಿಯಲ್ಲಿ ಉಜ್ಜುತ್ತಾರಲ್ಲ, ಅದೇ. ಪುಡಿ ಮಾಡಿ ಬಿಸಿ ನೀರಿಗೆ ಹಾಕುತ್ತಾ ಹೋಗಿ, ಇನ್ನು ಕರಗುವುದಿಲ್ಲ ಅನ್ನುವ ತನಕ. ಅದರಲ್ಲಿ ಸಿಲಿಂಡರ್ ಮುಳುಗಿಸಿ, ಮುರಿದ ತೂತು ಮೇಲೆ ಮುಖ ಮಾಡಿರಲಿ. ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯಲ್ಲಿ ಇಡಿ. ತೂತಿನಿಂದ ಸಣ್ಣ ಗುಳ್ಳೆ ಏಳುತ್ತಾ ಇರುತ್ತದೆ. ಪಟಿಕ ಸ್ಟೀಲನ್ನು ತಿನ್ನುತ್ತದೆ, ಗನ್‌ಮೆಟಲನ್ನು ಮುಟ್ಟುವುದಿಲ್ಲ. ಗಡಿಯಾರ ರಿಪೇರಿಯವರು ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಸ್ಕ್ರೂ ತೆಗೆಯುವುದು ಹೀಗೇ. ಪಾತ್ರೆ ಗಾಜಿನದಾಗಿರಲಿ. ಕಬ್ಬಿಣದ, ಸ್ಟೀಲಿನ ಪಾತ್ರೆ ಬೇಡ. ಸಿಲಿಂಡರಿನಲ್ಲಿ ಬೇರೆ ಯಾವ ಸ್ಟೀಲ್ ಸ್ಕ್ರೂ ಇದ್ದರೂ ಮೊದಲು ಬಿಚ್ಚಿಡಿ, ಇಲ್ಲದಿದ್ದರೆ ಅದೂ ಹೋಗುತ್ತದೆ. ಕಿಟಕಿ ತೆರೆದಿರಲಿ.

ಕೆಲಸದ ತುಂಡು ಸ್ಟೀಲ್ ಅಥವಾ ಕ್ಯಾಸ್ಟ್ ಐರನ್ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಮುರಿದ ಟ್ಯಾಪಿಗಿಂತ ಮೊದಲು ನಿಮ್ಮ ಕೆಲಸವೇ ಕರಗಿಹೋಗುತ್ತದೆ.

---

ಶೆಡ್ಡಿನ ಮೂಲೆ, ಮೈಸೂರು

ಸರ್, ಓದಿ ಎದ್ದು ಹೋಗಿ ಉಳಿದ ಒಂಬತ್ತು ತೂತು ಅಳೆದೆ. ಹೌದು, ಟ್ಯಾಪ್ ತಳ ಮುಟ್ಟಿದ ಗುರುತು ಮೂರರಲ್ಲಿ ಕಾಣುತ್ತಿದೆ. ಮೂತಿಯ ಚೂಪು ಮೊನೆ ಗನ್‌ಮೆಟಲ್‌ಗೆ ಪುಟ್ಟ ಗುಳಿ ಒತ್ತಿದೆ. ಅಂದರೆ ಒಂಬತ್ತು ತೂತು ಉಳಿದದ್ದೇ ಹೆಚ್ಚು.

ನನ್ನ ಸೆಟ್ಟಿನಲ್ಲಿ ಎಂ3ಗೆ ಒಂದೇ ಟ್ಯಾಪ್ ಬಂದಿತ್ತು. ಮೂರರ ಸೆಟ್ ಅಂತ ಇರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಏನಂತ ಕೇಳಬೇಕು?

ಜೊತೆಗೆ ಇನ್ನೊಂದು. ಲೇಥಿನ ಟೂಲ್‌ಪೋಸ್ಟ್ ಹತ್ತಿರ ಒಂದು ತೂತಿನ ಥ್ರೆಡ್ ಸವೆದಿದೆ. ಎಂ8 ಬೋಲ್ಟ್ ಎರಡು ಸುತ್ತು ಹೋಗಿ ಗಟ್ಟಿಯಾಗುತ್ತಿದೆ. ಎಂ8 ಟ್ಯಾಪ್ ಒಂದು ಸಲ ಓಡಿಸಿದರೆ ಸರಿಹೋಗುತ್ತದಾ?

---

ಹಳೇ ಫಿಟ್ಟರ್, ತಿಪಟೂರು

ಬೇಡ ಬೇಡ, ಓಡಿಸಬೇಡಿ! ಹಳೆಯ ಲೇಥ್ ಅಂದಿರಿ. ಅದು 5/16 ವಿಟ್ವರ್ತ್, ಅಂದರೆ ಇಂಚಿನ ಅಳತೆಯ ಹಳೆಯ ಬ್ರಿಟಿಷ್ ಥ್ರೆಡ್, ಆಗಿರುವುದೇ ಹೆಚ್ಚು. 5/16 ಇಂಚು ಅಂದರೆ 7.94 ಮಿ.ಮೀ., ನೋಡಲು ಎಂ8 ತರವೇ. ಆದರೆ ಇಂಚಿಗೆ 18 ಥ್ರೆಡ್, ಅಂದರೆ ಪಿಚ್ 1.41. ಎಂ8ರದು 1.25. ಕೋನವೂ ಬೇರೆ, ಅದು 55 ಡಿಗ್ರಿ, ಇದು 60. ಎರಡು ಸುತ್ತು ಹೋಗಿ ಬಿಗಿಯಾಗುವುದು ಇದರ ಗುರುತು. ಟ್ಯಾಪ್ ಹಾಕುವ ಮೊದಲು ಪಿಚ್ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಹಿಡಿದು ನೋಡಿ. ಬಹುಶಃ ಥ್ರೆಡ್ ಸವೆದೇ ಇಲ್ಲ.

ಮೂರರ ಸೆಟ್ ವಿಷಯ ವರ್ಕ್‌ಶಾಪ್ ಮೇಡಂ ಚೆನ್ನಾಗಿ ಹೇಳುತ್ತಾರೆ, ಅವರು ದಿನಾ ಹುಡುಗರಿಗೆ ಅದನ್ನೇ ಹೇಳಿಕೊಡುವವರು. ಮೇಡಂ, ಇದ್ದೀರಾ?

---

ವರ್ಕ್‌ಶಾಪ್ ಮೇಡಂ, ತುಮಕೂರು

ಇದ್ದೇನೆ. ಐ.ಟಿ.ಐ.ಯಲ್ಲಿ ಫಿಟ್ಟರ್ ಟ್ರೇಡ್ ಪಾಠ ಮಾಡುತ್ತೇನೆ. ನನ್ನ ಮೇಜಿನ ಮೇಲೆ ಒಂದು ಉಪ್ಪಿನಕಾಯಿ ಬಾಟಲಿ ಇದೆ. ಹುಡುಗರು ಮುರಿದ ಟ್ಯಾಪ್ ಎಲ್ಲ ಅದರಲ್ಲೇ. ಪ್ರತಿ ಬ್ಯಾಚಿಗೂ ಬಾಟಲಿ ಕೈಗೆ ಕೊಟ್ಟು, ಯಾವುದು ಹೇಗೆ ಮುರಿದಿದೆ ಹೇಳಿ ಅನ್ನುತ್ತೇನೆ. ಮುರಿದವುಗಳಲ್ಲಿ ಎಂ6ಕ್ಕಿಂತ ದೊಡ್ಡವು ಕೈಬೆರಳಲ್ಲಿ ಎಣಿಸುವಷ್ಟು.

ಅಂಗಡಿಯಲ್ಲಿ ಹೀಗೆ ಕೇಳಿ: ‘ಎಂ3 ಇಂಟು 0.5, ಎಚ್‌ಎಸ್‌ಎಸ್ ಹ್ಯಾಂಡ್ ಟ್ಯಾಪ್, ಮೂರರ ಸೆಟ್, ಗ್ರೌಂಡ್ ಥ್ರೆಡ್’. ಎಚ್‌ಎಸ್‌ಎಸ್ ಅಂದರೆ ಹೈ ಸ್ಪೀಡ್ ಸ್ಟೀಲ್, ಗ್ರೌಂಡ್ ಅಂದರೆ ಥ್ರೆಡ್ಡನ್ನು ಗ್ರೈಂಡ್ ಮಾಡಿ ತೆಗೆದದ್ದು. ಟೋಟೆಮ್, ಎಮ್‌ಕೇ ಅಂಥವು ನಮ್ಮಲ್ಲೇ ತಯಾರಾಗುವವು, ಸುಲಭವಾಗಿ ಸಿಗುತ್ತವೆ. ಬೆಂಗಳೂರಿಗೆ ಬಂದರೆ ಎಸ್.ಜೆ.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ನಲವತ್ತು ಪೀಸಿನ ಆಸೆ ಬಿಡಿ. ಮನೆ ಶಾಪಿಗೆ ಎಂ3, ಎಂ4, ಎಂ5, ಎಂ6, ಎಂ8, ಈ ಐದು ಅಳತೆ ಇದ್ದರೆ ವರ್ಷಗಟ್ಟಲೆ ನಡೆಯುತ್ತದೆ. ಜೊತೆಗೆ 2.5, 3.3, 4.2, 5, 6.8 ಡ್ರಿಲ್, ಪ್ರತಿಯೊಂದೂ ಎರಡೆರಡು. ಮೊಂಡಾದ ಡ್ರಿಲ್ ಹಾಕಿದ ತೂತಿನಲ್ಲಿ ಹೊಸ ಟ್ಯಾಪೂ ಮುರಿಯುತ್ತದೆ.

ಸೆಟ್ ಮನೆಗೆ ತಂದ ಮೇಲೆ ಒಂದು ಕೆಲಸ ಮಾಡಿ. ಮೂರೂ ಟ್ಯಾಪಿನ ಥ್ರೆಡ್ ಮೇಲೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ, ಮೂತಿಯ ಹತ್ತಿರ ಅಲ್ಲ, ಮೇಲ್ಗಡೆ. ಮೂರೂ ಒಂದೇ ಇದ್ದರೆ ಅವುಗಳಲ್ಲಿ ಮೂತಿಯ ಇಳಿಜಾರು ಮಾತ್ರ ಬೇರೆ. ಟೇಪರಿನಲ್ಲಿ ಎಂಟರ ಹತ್ತಿರ, ಎರಡನೆಯದರಲ್ಲಿ ನಾಲ್ಕು, ಪ್ಲಗ್‌ನಲ್ಲಿ ಒಂದೂವರೆ ಎರಡು ಥ್ರೆಡ್. ತೂತು ಆಚೆಗೆ ಹಾಯ್ದಿದ್ದರೆ ಟೇಪರ್ ಒಂದೇ ಸಾಕು. ಬದಲಿಗೆ ಮೊದಲನೆಯದು ತೆಳ್ಳಗೆ, ಎರಡನೆಯದು ಸ್ವಲ್ಪ ದಪ್ಪ ಇದ್ದರೆ ಅದು ಸೀರಿಯಲ್ ಸೆಟ್. ಅಲ್ಲಿ ಮೂರನೆಯದು ಮಾತ್ರ ಪೂರ್ತಿ ಥ್ರೆಡ್ ಕತ್ತರಿಸುತ್ತದೆ. ತೂತು ಎಂಥದ್ದಾದರೂ ಮೂರನ್ನೂ ಓಡಿಸಲೇಬೇಕು. ಜರ್ಮನ್ ಡಿಐಎನ್ 352 ಸೆಟ್ಟಿನಲ್ಲಿ ಶ್ಯಾಂಕಿನ ಮೇಲೆ ಗೆರೆ ಇರುತ್ತದೆ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಗೆರೆಯೇ ಇಲ್ಲ. ನಮ್ಮ ಹುಡುಗರು ಗೆರೆ ಇಲ್ಲದ್ದನ್ನು ಮೊದಲನೆಯದು ಅಂತ ಹಾಕಿ ಬಾಟಲಿ ತುಂಬಿಸಿದ್ದಾರೆ.

ಹಿರಿಯರು ಏನೂ ಹೇಳದೆ ಬಿಟ್ಟ ಒಂದು ವಿಷಯಕ್ಕೆ, ಹೇಳಿದ ಒಂದು ಮಾತಿಗೆ ನನ್ನ ತಕರಾರಿದೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು.

ಒಂದು, 2.5 ಡ್ರಿಲ್. ಪಟ್ಟಿಯಲ್ಲಿ ಇರುವುದು ಅದೇ, ನಿಜ. ಅದಕ್ಕೆ ಪೂರ್ತಿ ಆಳದ 77 ಶೇಕಡಾ ಥ್ರೆಡ್ ಬರುತ್ತದೆ. 2.6 ಹಾಕಿದರೆ 62 ಶೇಕಡಾ. ನಿಮ್ಮ ಮುಚ್ಚಳದ ಸ್ಕ್ರೂಗೆ 62 ಧಾರಾಳ ಆಯಿತು. ಟ್ಯಾಪಿಗೆ ಬೀಳುವ ಭಾರ ಎಷ್ಟು ಕಡಿಮೆಯಾಗುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಗಟ್ಟಿ ಗನ್‌ಮೆಟಲ್ ಟ್ಯಾಪನ್ನು ಹಿಂಡಿ ಹಿಡಿಯುತ್ತದೆ, ಅಂಥದ್ದಕ್ಕೆ ನಾನು ಯಾವಾಗಲೂ ಒಂದು ಅಳತೆ ದೊಡ್ಡ ಡ್ರಿಲ್ಲೇ ಹಾಕಿಸುವುದು. ತೂತಿನ ಬಾಯಿಗೆ ಕೌಂಟರ್‌ಸಿಂಕ್ ಸ್ವಲ್ಪ ಮುಟ್ಟಿಸಿ, 3.2ರಷ್ಟು ಅಗಲ ಆಗುವ ಹಾಗೆ. ಇಲ್ಲದಿದ್ದರೆ ಮೊದಲ ಥ್ರೆಡ್ ಮೇಲಕ್ಕೆ ಉಬ್ಬಿ ಮುಚ್ಚಳ ಸಪಾಟಾಗಿ ಕೂರುವುದಿಲ್ಲ, ಸ್ಟೀಮ್ ಸೋರುತ್ತದೆ.

ಎರಡು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಅನ್ನುವುದು ನೇರ ತೋಡಿನ (ಫ್ಲೂಟಿನ) ಹ್ಯಾಂಡ್ ಟ್ಯಾಪಿಗೆ ಸರಿ. ಸ್ಪೈರಲ್ ಪಾಯಿಂಟ್ ಟ್ಯಾಪ್ ಅಂತ ಬರುತ್ತದೆ, ಗನ್ ಟ್ಯಾಪ್ ಅನ್ನುತ್ತಾರೆ. ಅದು ಚಿಪ್ಪನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ, ಹಿಂದೆ ತಿರುಗಿಸುವ ಅಗತ್ಯವೇ ಇಲ್ಲ. ಹಾಯ್ದ ತೂತಿಗೆ ಕೈಯಲ್ಲೂ ಬಹಳ ಚೆನ್ನಾಗಿ ಹೋಗುತ್ತದೆ. ಆದರೆ ಬ್ಲೈಂಡ್ ತೂತಿಗೆ ಹಾಕಬೇಡಿ, ಚಿಪ್ಸ್ ಎಲ್ಲ ತಳದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಗೆ ಸ್ಪೈರಲ್ ಫ್ಲೂಟ್, ಅಂದರೆ ಸುರುಳಿ ತೋಡಿನ ಟ್ಯಾಪ್ ಇದೆ, ಅದು ಚಿಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ. ಅಲ್ಯೂಮಿನಿಯಂನಲ್ಲಿ ಎಷ್ಟು ಚೆಂದ ಅಂದರೆ, ಚಿಪ್ಸ್ ಚಕ್ಕುಲಿ ತರ ಸುರುಳಿಯಾಗಿ ಹೊರಬರುತ್ತದೆ.

ಕೊಬ್ಬರಿ ಎಣ್ಣೆಗೆ ನನ್ನ ತಕರಾರಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಪ್ ತೊಳೆದಿಡಿ ಅಷ್ಟೇ. ಹಾಗೇ ಬಿಟ್ಟರೆ ಅಂಟು ಅಂಟಾಗಿ ಪುಡಿ ಹಿಡಿದುಕೊಳ್ಳುತ್ತದೆ, ಇರುವೆ ಬರುತ್ತದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಸ್ಟೇನ್‌ಲೆಸ್ಸಿಗೆ ಮಾತ್ರ ದಪ್ಪ ಕಟಿಂಗ್ ಆಯಿಲ್ಲೇ ಬೇಕು. ಕ್ಯಾಸ್ಟ್ ಐರನ್ನಿಗೆ ಏನೂ ಬೇಡ, ಎಣ್ಣೆ ಹಾಕಿದರೆ ಅದರ ಪುಡಿ ಕೆಸರಾಗುತ್ತದೆ.

ಒಬ್ಬರೇ ಕಲಿಯುವುದು ಹೇಗೆ ಅಂದಿರಿ. 10 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಒಂದು ಅಡಿ ತನ್ನಿ. ಎಂ6 ತೂತು ಇಪ್ಪತ್ತು ಹೊಡೆಯಿರಿ. ಪ್ರತಿ ತೂತಿಗೂ ಉದ್ದ ಬೋಲ್ಟ್ ಹಾಕಿ ಮೂಲೆಮಟ್ಟ ಹಿಡಿಯಿರಿ. ಬೋಲ್ಟ್ ವಾಲಿದ್ದು ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಎಂ4, ಆಮೇಲೆ ಎಂ3. ಮೂರು ಭಾನುವಾರ ಕೂತು ಬೋರ್ ಮಾಡಿದ ಸಿಲಿಂಡರಿನ ಮೇಲೆ ಮೊದಲ ಪಾಠ ಕಲಿಯಬಾರದು, ಅಲ್ವಾ?

---

ಹಳೇ ಫಿಟ್ಟರ್, ತಿಪಟೂರು

2.6 ಒಪ್ಪಿದೆ ಮೇಡಂ. ನಮ್ಮ ಕಾಲಕ್ಕೆ ಡ್ರಾಯಿಂಗಿನಲ್ಲಿ ಬರೆದದ್ದು ಬಿಟ್ಟು ಬೇರೆ ಡ್ರಿಲ್ ಹಾಕಿದರೆ ಇನ್ಸ್‌ಪೆಕ್ಷನ್‌ನವರು ಕೆಲಸ ವಾಪಸ್ ಕಳಿಸುತ್ತಿದ್ದರು, ಆ ಭಯ ಇನ್ನೂ ಹೋಗಿಲ್ಲ. ಗನ್ ಟ್ಯಾಪ್ ಮಾತ್ರ ನನಗೆ ಕೈಗೆ ಒಗ್ಗಲಿಲ್ಲ. ಹಿಂದೆ ತಿರುಗಿಸದಿದ್ದರೆ ಏನೋ ಮರೆತ ಹಾಗೆ ಅನ್ನಿಸುತ್ತದೆ.

---

ಶೆಡ್ಡಿನ ಮೂಲೆ, ಮೈಸೂರು

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು.

ದೇವರಾಜ ಮಾರ್ಕೆಟ್ ಹತ್ತಿರ ಪಟಿಕ ಸಿಕ್ಕಿತು. ಅಂಗಡಿಯವರು ‘ದೃಷ್ಟಿ ತೆಗೆಯೋಕಾ?’ ಅಂದರು. ಹೌದು ಅಂದುಬಿಟ್ಟೆ, ಅದೂ ಸುಳ್ಳಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಲಿಂಡರ್ ಇಟ್ಟು ಪಟಿಕದ ನೀರು ತುಂಬಿಸಿದೆ. ಆ ಬಾಟಲಿಯನ್ನು ನೀರಿರುವ ಹಳೆಯ ಪಾತ್ರೆಯೊಳಗೆ ಬಟ್ಟೆ ಹಾಸಿ ಇಟ್ಟು, ಶೆಡ್ಡಿನ ಕರೆಂಟ್ ಒಲೆಯಲ್ಲಿ ನಿಧಾನಕ್ಕೆ ಬಿಸಿ ಮಾಡಿದೆ. ಮುಕ್ಕಾಲು ಗಂಟೆಗೆ ಗುಳ್ಳೆ ಶುರುವಾಯಿತು, ಸೋಡಾ ಬಾಟಲಿ ತರ. ನನ್ನ ಹೆಂಡತಿ ಬಂದು ನೋಡಿ, ‘ಏನ್ರೀ ಇದು, ಸಾರಾ?’ ಅಂದಳು.

ಮೊದಲ ಸಂಜೆ ನಾಲ್ಕು ಗಂಟೆ ಇಟ್ಟೆ. ತುಂಡು ಕಪ್ಪಗಾಯಿತು ಅಷ್ಟೇ. ಒಲೆ ಆರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸಿಲಿಂಡರಿನ ಮೇಲೆಲ್ಲ ಕಲ್ಲುಸಕ್ಕರೆ ತರ ಹರಳು ಬೆಳೆದಿತ್ತು, ಎದೆ ಧಸಕ್ ಅಂತು. ಬಿಸಿ ಮಾಡಿದಾಗ ಮತ್ತೆ ಕರಗಿತು. ಎರಡನೇ ಸಂಜೆ ಕಪ್ಪು ಕೆಸರನ್ನು ಸೂಜಿಯಿಂದ ಕೆದಕಿ ತೆಗೆದು ಹೊಸ ಪಟಿಕ ಹಾಕಿದೆ. ಮೂರನೇ ಸಂಜೆ ಸೂಜಿ ಚುಚ್ಚಿದರೆ ತುಂಡು ಅಲುಗಾಡಿತು. ತಲೆಕೆಳಗೆ ಮಾಡಿ ತಟ್ಟಿದೆ, ಅಂಗೈ ಮೇಲೆ ಬಿತ್ತು. ಇಲಿ ಕಡಿದ ಅಕ್ಕಿ ಕಾಳಿನ ಹಾಗಿತ್ತು. ತೂತಿನ ಥ್ರೆಡ್ ಹಾಗೇ ಇದೆ. ಗನ್‌ಮೆಟಲ್ ಸ್ವಲ್ಪ ಮಂಕಾಗಿತ್ತು, ಬ್ರಾಸೋ ಹಾಕಿ ಉಜ್ಜಿದ ಮೇಲೆ ಹೊಳಪು ಬಂತು.

ಎಂ3 ಮೂರರ ಸೆಟ್ ತಂದೆ. ಅಳೆದೆ, ಮೂರೂ ಒಂದೇ ದಪ್ಪ. ಗುಂಡಿ ಮಾಡಿಕೊಂಡೆ, ನರ್ಲಿಂಗ್ ಒಂದು ಕಡೆ ಎರಡು ಸಲ ಬಿದ್ದು ಅಸಹ್ಯವಾಗಿದೆ, ಆದರೆ ಬೆರಳಿಗೆ ಹಿಡಿತ ಸಿಗುತ್ತದೆ. ಎಂ.ಎಸ್. ಪಟ್ಟಿಯಲ್ಲಿ ಎಂ6 ಇಪ್ಪತ್ತು, ಎಂ4 ಹನ್ನೆರಡು ಹೊಡೆದೆ. ಮೊದಲ ಐದು ಬೋಲ್ಟ್ ಒಂದೊಂದು ದಿಕ್ಕಿಗೆ ನೋಡುತ್ತಿವೆ, ಊರ ಜಾತ್ರೆಯಲ್ಲಿ ನಿಂತ ಮಕ್ಕಳ ಹಾಗೆ. ಆರನೆಯದರಿಂದ ಡ್ರಿಲ್ಲಿಂಗ್ ಮಷೀನಿನ ಚಕ್ ಬಳಸಿದೆ, ಪ್ಲಗ್ ಕಿತ್ತೇ.

ನಿನ್ನೆ ಹತ್ತು ತೂತನ್ನೂ 12ಕ್ಕೆ ಇಳಿಸಿ ಎರಡನೇ ಟ್ಯಾಪು, ಪ್ಲಗ್ ಟ್ಯಾಪು ಓಡಿಸಿದೆ. ಹನ್ನೊಂದು, ಹನ್ನೆರಡನೆಯದನ್ನು 2.6 ಹಾಕಿ ಹೊಸದಾಗಿ ಹೊಡೆದೆ. ಆ ‘ಕಟ್’ ಅಂತ ಹೇಳಿದಿರಲ್ಲ ಸರ್, ಹನ್ನೊಂದನೇ ತೂತಿನಲ್ಲಿ ಮೊದಲ ಸಲ ಬೆರಳಿಗೆ ಸಿಕ್ಕಿತು. ಮುಚ್ಚಳ ಎರಡೂ ಕಡೆ ಕೂತಿದೆ. ಲೇಥಿನ ತೂತು 5/16 ವಿಟ್ವರ್ತೇ ಆಗಿತ್ತು. ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಲ್ಲಿ ಅದರ ಬೋಲ್ಟ್ ಎರಡು ಸಿಕ್ಕವು.

ಈಗ ಪಿಸ್ಟನ್ ರಾಡಿನ ತುದಿಗೆ ಡೈ ಹಾಕಿ ಎಂ4 ಥ್ರೆಡ್ ತೆಗೆಯಬೇಕು. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ವಾಲಿಕೊಂಡು ಹೋಯಿತು. ಅದಕ್ಕೂ ಏನಾದರೂ ಇದೆಯಾ?

---

ಹಳೇ ಫಿಟ್ಟರ್, ತಿಪಟೂರು

ಇದೆ. ರಾಡ್ ಲೇಥಿನ ಚಕ್ಕಿನಲ್ಲೇ ಇರಲಿ, ಬಿಚ್ಚಬೇಡಿ. ಚಕ್ಕಿಗೆ ಎದುರಿರುವ ಟೇಲ್‌ಸ್ಟಾಕಿನ ಸಪಾಟು ಮುಖವನ್ನು ಡೈ ಹ್ಯಾಂಡಲಿನ ಬೆನ್ನಿಗೆ ಒತ್ತಿ ಹಿಡಿದು ಚಕ್ ಕೈಯಲ್ಲಿ ತಿರುಗಿಸಿ. ರಾಡಿನ ತುದಿಗೆ ಮೊದಲು ಇಳಿಜಾರು ಕೊಡಿ, ದಪ್ಪ 3.9 ಇರಲಿ, ಪೂರ್ತಿ 4 ಬೇಡ. ಉಳಿದದ್ದನ್ನು ಬೇರೆ ಪ್ರಶ್ನೆಯಾಗಿ ಹಾಕಿ, ಫೋಟೋ ಸಮೇತ. ಒಳಗೆ ಊಟಕ್ಕೆ ಎರಡನೇ ಸಲ ಕೂಗಿದ್ದಾರೆ, ಮೂರನೇ ಸಲ ಕೂಗುವುದಿಲ್ಲ.